ಒಕ್ಕಲಿಗನ ಅಂಗಾಲು

ಈ ಪುಟದಲ್ಲಿ ಬೀಜ, ಗೊಬ್ಬರ, ದನಕರುಗಳ ವಿಷಯ ಬರುವುದು ರೂಢಿ. ಈ ವಾರವೂ ದನಗಳಿಂದಲೇ ಆರಂಭಿಸಿ, ದನದ ಒಡೆಯನ ಕಡೆಗೆ ಬರೋಣ.

ನಮ್ಮ ಕೊಟ್ಟಿಗೆಯಲ್ಲಿ ನಿಂತ ಎತ್ತಿನ ಕಿವಿಯಲ್ಲಿ ಹಳದಿ ಬಿಲ್ಲೆಯೊಂದು ತೂಗುತ್ತದೆ. ಅದರ ಮೇಲೆ ಹನ್ನೆರಡು ಅಂಕಿಗಳು. ಕಾಲುಬಾಯಿ ಬೇನೆಯ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕುವ ರಾಷ್ಟ್ರೀಯ ಯೋಜನೆ 2019ರಲ್ಲಿ ಆರಂಭವಾದಾಗಿನಿಂದ ಈ ಬಿಲ್ಲೆ ಮನೆಮನೆಯ ದನಕ್ಕೂ ಬಂದಿದೆ. ಮುಂಗಾರಿಗೆ ಮೊದಲು ಗಳಲೆ ಬೇನೆಗೆ ಒಂದು ಸೂಜಿ, ಚಪ್ಪೆ ಬೇನೆಗೆ ಒಂದು ಸೂಜಿ. ಯಾವಾಗ ಹಾಕಿಸಿದಿರಿ ಎಂದು ಕೇಳಿದರೆ ಯಾವ ಒಕ್ಕಲಿಗನೂ ತಡವರಿಸದೆ ಹೇಳುವನು. ಆದರೆ, ‘ತಮಗೆ ಧನುರ್ವಾಯುವಿನ ಸೂಜಿ ಯಾವಾಗ ಹಾಕಿಸಿದ್ದೀರಿ? ರಕ್ತದ ಸಕ್ಕರೆ ಯಾವಾಗ ನೋಡಿಸಿದ್ದೀರಿ?’ ಎಂದು ಅದೇ ಒಡೆಯನನ್ನು ಕೇಳಿ ನೋಡಿರಿ. ತಲೆ ಕೆರೆದುಕೊಳ್ಳುವನು.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಹೆಸರು ಬೇಡ, ಓಣಿಯವರೆಲ್ಲ ಕಾಕಾ ಎನ್ನುವರು. ವಯಸ್ಸು ಅರವತ್ತು ದಾಟಿದೆ. ಎಂಟು ಎಕರೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಮಡ್ಡಿಯ ತುಣುಕಿನಲ್ಲಿ ದಾಳಿಂಬೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಬರಿಗಾಲಲ್ಲಿ ನಡೆದುಹೋಗುವುದು ಇವರ ತಂದೆಯ ಕಾಲದಿಂದ ಬಂದ ನೇಮ. ಕೆಲವು ವರ್ಷಗಳ ಹಿಂದೆ ಹೀಗೆಯೇ ಹೋಗಿ ಬಂದರು. ಮರುದಿನ ಮುಂಜಾನೆ ಸೊಸೆ ಪಡಸಾಲೆ ಸಾರಿಸಲು ಬಂದಾಗ ನೆಲದ ಮೇಲೆ ಅಲ್ಲಲ್ಲಿ ರಕ್ತದ ಗುರುತು ಕಂಡಿತು. ‘ಮಾವಾರ, ಕಾಲಿಗೆ ಏನಾಗೇತ್ರಿ?’ ಎಂದಳು. ಕಾಕಾ ಕಾಲು ಎತ್ತಿ ನೋಡಿಕೊಂಡರು. ಬಲಗಾಲ ಹೆಬ್ಬೆರಳ ಬುಡದಲ್ಲಿ ಜಾಲಿಮುಳ್ಳು ಮುರಿದು ನಿಂತಿದೆ, ಸುತ್ತ ಕೀವು ಕಟ್ಟಿದೆ. ಯಾವಾಗ ಚುಚ್ಚಿತೋ ಅವರಿಗೆ ತಿಳಿಯದು!

ಮುಳ್ಳು ಚುಚ್ಚಿದ್ದು ದೊಡ್ಡದಲ್ಲ, ಒಕ್ಕಲಿಗನಿಗೆ ಅದು ದಿನದ ಮಾತು. ಚುಚ್ಚಿದ್ದು ತಿಳಿಯಲಿಲ್ಲವೆಂಬುದೇ ದೊಡ್ಡದು. ಅದನ್ನು ಆಗ ಯಾರೂ ಗಮನಿಸಲಿಲ್ಲ. ಕಾಕಾ ಕೂಡ ‘ನೋವಽ ಇಲ್ಲ, ಬಿಡ’ ಎಂದು ಸುಣ್ಣ-ಬೆಲ್ಲ ಕಲಸಿ ಮೆತ್ತಿಕೊಂಡು ಹೊಲಕ್ಕೆ ನಡೆದರು. ಹತ್ತು ದಿನಗಳಾದ ಮೇಲೆ ಕಾಲಿನಿಂದ ವಾಸನೆ ಬರತೊಡಗಿತು, ಬೆರಳು ಕಪ್ಪಾಯಿತು. ಮಿರಜಿಗೆ ಒಯ್ದರು. ಅಲ್ಲಿ ಮೊದಲ ಸಲ ರಕ್ತದ ಸಕ್ಕರೆ ನೋಡಿದರು. ಬರಿಹೊಟ್ಟೆಯಲ್ಲಿಯೇ ಮುನ್ನೂರರ ಮೇಲಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಕಾಲು ಉಳಿಯಿತು. ಒಂದು ವಾರ ತಡವಾಗಿದ್ದರೆ ಮೊಳಕಾಲಿನ ಕೆಳಗೆ ತೆಗೆಯಬೇಕಾಗುತ್ತಿತ್ತೆಂದು ಡಾಕ್ಟರು ಹೇಳಿದರಂತೆ.

ಕಾಕಾ ಅವರನ್ನು ದವಾಖಾನೆಯಲ್ಲಿ ನೋಡಲು ಹೋದಾಗ ಡಾಕ್ಟರು ನಮಗೆ ಎರಡು ಪ್ರಶ್ನೆ ಕೇಳಿದರು. ಒಂದು, ಸಕ್ಕರೆ ಬೇನೆ ಎಷ್ಟು ವರ್ಷದಿಂದ ಇದೆ? ಇನ್ನೊಂದು, ಧನುರ್ವಾಯುವಿನ ಸೂಜಿ ಹಾಕಿಸಿ ಎಷ್ಟು ವರ್ಷವಾಯಿತು? ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಬರೆಯುವುದು ಆ ಎರಡು ಪ್ರಶ್ನೆಗಳನ್ನೇ.

ಧನುರ್ವಾಯು

ಇಂದಿನ ತರುಣರು ಧನುರ್ವಾಯುವನ್ನು ಕಣ್ಣಿನಿಂದ ಕಂಡಿರಲಾರರು. ಹಿರಿಯರು ಕಂಡಿದ್ದಾರೆ. ಮೊದಲು ದವಡೆ ಬಿಗಿಯುವುದು, ರೊಟ್ಟಿ ಅಗಿಯಲು ಬಾರದು, ನುಂಗಲು ಬಾರದು. ಆಮೇಲೆ ಕತ್ತು ಸೆಟೆಯುವುದು. ಕೊನೆಗೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುವುದು. ಆ ಹೆಸರು ಬಂದದ್ದೇ ಅದರಿಂದ. ಬೆಳಕು ಬಿದ್ದರೆ, ಬಾಗಿಲು ಸದ್ದಾದರೆ ಸಾಕು, ಮೈಯೆಲ್ಲ ಸೆಟೆದು ಹಿಂಡುವುದು. ಇಷ್ಟಾದರೂ ರೋಗಿಗೆ ಎಚ್ಚರ ತಪ್ಪುವುದಿಲ್ಲ, ಎಲ್ಲವೂ ತಿಳಿಯುತ್ತಿರುತ್ತದೆ. ಅದೇ ಈ ಬೇನೆಯ ಕ್ರೌರ್ಯ.

ಇದರ ಅಣುಜೀವಿ ಇರುವುದೆಲ್ಲಿ? ನಮ್ಮ ಹೊಲದ ಮಣ್ಣಿನಲ್ಲಿ, ನಮ್ಮ ತಿಪ್ಪೆಯಲ್ಲಿ. ದನ-ಕುದುರೆಗಳ ಕರುಳಿನಲ್ಲಿ ಇದ್ದು ಸಗಣಿ-ಲದ್ದಿಯ ಸಂಗಡ ಹೊರಬೀಳುವುದು. ಗಟ್ಟಿ ಸಿಪ್ಪೆಯ ಬೀಜ ಮಳೆಗಾಗಿ ಕಾಯುವಂತೆ ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಕುದಿಯುವ ನೀರಿಗೂ ಕೆಲ ಹೊತ್ತು ಜಗ್ಗದು. ಬಯಲಿನ ಗಾಳಿಯಲ್ಲಿ ಅದು ಮೊಳೆಯಲಾರದು. ಗಾಳಿಯಾಡದ ಆಳವಾದ ಗಾಯ ಸಿಕ್ಕರೆ ಮೊಳೆತು ವಿಷ ಕಾರುವುದು. ಆದುದರಿಂದ ಅಗಲವಾಗಿ ತರಚಿದ ಗಾಯಕ್ಕಿಂತ, ಮೇಲೆ ಚುಕ್ಕೆಯಷ್ಟೇ ಕಾಣುವ ಮುಳ್ಳಿನ ಗಾಯ, ಜೋಳದ ಕೂಳೆ ನೆಟ್ಟ ಗಾಯ, ತುಕ್ಕು ಮೊಳೆಯ ಗಾಯ ಹೆಚ್ಚು ಅಪಾಯದವು. ತುಕ್ಕಿನಿಂದ ಧನುರ್ವಾಯು ಬರುವುದೆಂದು ಜನ ನಂಬಿದ್ದಾರೆ. ತುಕ್ಕಿನ ತಪ್ಪೇನೂ ಇಲ್ಲ, ಆ ಮೊಳೆ ಮಣ್ಣಿನಲ್ಲಿ ಬಿದ್ದಿತ್ತೆಂಬುದು ತಪ್ಪು.

ಇನ್ನು ನಾವು ಮಾಡುವ ಮದ್ದನ್ನು ನೋಡಿರಿ. ಗಾಯಕ್ಕೆ ಮಣ್ಣು ಒತ್ತುವುದು, ಸಗಣಿ ಮೆತ್ತುವುದು, ಬೀಡಿಯ ಬೂದಿ, ಚಹಾಪುಡಿ ತುಂಬುವುದು, ಸುಣ್ಣ-ಬೆಲ್ಲದಿಂದ ಬಾಯಿ ಮುಚ್ಚುವುದು. ಅಂದರೆ ಬಿತ್ತಿ, ಮೇಲೆ ಮಣ್ಣು ಮುಚ್ಚಿ, ಗಾಳಿಯಾಡದ ಹಾಗೆ ಕಾಯುವುದು! ಹಿಂದೆ ಹೆರಿಗೆಯಾದಾಗ ಕುಡುಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು ಸಗಣಿಯ ಬೂದಿ ಹಚ್ಚುತ್ತಿದ್ದರು. ಏಳೆಂಟು ದಿನಕ್ಕೆ ಕೂಸು ಮೊಲೆ ಬಿಟ್ಟು ಸೆಟೆದು ಸಾಯುತ್ತಿತ್ತು. ಯಾವುದೋ ಗಾಳಿ ಸೋಕಿತೆಂದು ಅಳುತ್ತಿದ್ದರು. ಗರ್ಭಿಣಿಯರಿಗೆ ಸೂಜಿ ಹಾಕಿ, ಹೆರಿಗೆಯನ್ನು ಶುಚಿಯಾಗಿ ಮಾಡಿಸತೊಡಗಿದ ಮೇಲೆ ಈ ಪಿಡುಗು ಇಳಿಯಿತು. 2015ರಲ್ಲಿ ಭಾರತವು ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿದ ದೇಶಗಳ ಸಾಲಿಗೆ ಸೇರಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ನಮ್ಮ ದೇಶದಲ್ಲಿ ವಿಸ್ತೃತ ಲಸಿಕೆ ಕಾರ್ಯಕ್ರಮ ಆರಂಭವಾದದ್ದು 1978ರಲ್ಲಿ. ಸಾರ್ವತ್ರಿಕ ಕಾರ್ಯಕ್ರಮ ಎಂದಾದದ್ದು 1985ರಲ್ಲಿ. ಅಂದಮೇಲೆ ಅದಕ್ಕೆ ಮೊದಲು ಹುಟ್ಟಿದ ಹಳ್ಳಿಯ ಗಂಡಸಿಗೆ ಕೂಸಿದ್ದಾಗ ಸೂಜಿ ಬಿದ್ದಿರುವ ಸಂಭವ ಬಹಳ ಕಡಿಮೆ. ಹೆಂಗಸರಿಗೆ ಬಸುರಿನಲ್ಲಾದರೂ ಹಾಕಿದ್ದಾರೆ. ಗಂಡಸಿಗೆ ಎಂದಾದರೂ ಕುಡುಗೋಲು ತಾಗಿದಾಗ ಹಾಕಿದ ಒಂದು ಬಿಡಿ ಸೂಜಿ, ಅಷ್ಟೆ. ಮಣ್ಣು-ಸಗಣಿಗಳಲ್ಲಿ ಹಗಲಿಡೀ ಕೈಯಾಡಿಸುವವನೇ ಹೀಗೆ ಕಾಪಿಲ್ಲದೆ ಉಳಿದಿದ್ದಾನೆ. ಬೇರೆ ಕೆಲವು ಲಸಿಕೆಗಳಂತೆ ಊರಿನ ಉಳಿದವರು ಹಾಕಿಸಿಕೊಂಡರೆ ನಮಗೂ ಕಾಪು ಸಿಗುವುದೆಂಬ ಮಾತು ಇದಕ್ಕಿಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ಬೇನೆಯಲ್ಲ, ಮಣ್ಣಿನಿಂದ ಬರುವಂಥದು. ಒಮ್ಮೆ ಬಂದು ಬದುಕಿ ಉಳಿದವನಿಗೂ ಮತ್ತೆ ಬರಬಹುದು. ಆದ್ದರಿಂದ ಗುಣವಾದವನೂ ಸೂಜಿ ಹಾಕಿಸಬೇಕು.

ಲೆಕ್ಕ ಸುಲಭವಾಗಿದೆ. ಹಿಂದೆ ಹಾಕಿಸಿದ್ದು ನೆನಪಿಲ್ಲದಿದ್ದರೆ, ಚೀಟಿ ಇಲ್ಲದಿದ್ದರೆ, ಹಾಕಿಸಿಯೇ ಇಲ್ಲವೆಂದು ತಿಳಿದು ಮೂರು ಸೂಜಿ ಹಾಕಿಸತಕ್ಕದ್ದು. ಇಂದು ಒಂದು, ತಿಂಗಳ ನಂತರ ಎರಡನೆಯದು, ಆರು ತಿಂಗಳಿಂದ ವರ್ಷದೊಳಗೆ ಮೂರನೆಯದು. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೊಂದು. ನಡುವೆ ಮಣ್ಣು-ಸಗಣಿ ತಾಗಿದ ಹೊಲಸು ಗಾಯವಾಗಿ, ಹಿಂದಿನ ಸೂಜಿಗೆ ಐದು ವರ್ಷ ಮೀರಿದ್ದರೆ, ಅಂದು ಒಂದು ಹಾಕಿಸಬೇಕು. ಮೂರೂ ಮುಗಿದವನು ಪ್ರತಿ ಗೀರಿಗೂ ದವಾಖಾನೆಗೆ ಓಡಬೇಕಾಗಿಲ್ಲ. ‘ಈ ಸೂಜಿ ಆರು ತಿಂಗಳ ಮಾತ್ರ ನಡೆಯುವುದು’ ಎಂಬ ಮಾತು ನಮ್ಮ ಭಾಗದಲ್ಲಿ ಎಲ್ಲ ಕಡೆಗೂ ಕೇಳಬರುತ್ತದೆ. ಅದು ತಪ್ಪು. ಎತ್ತಿನ ಲಸಿಕೆಯ ಲೆಕ್ಕವನ್ನು ಒಡೆಯನಿಗೂ ಹಚ್ಚಿದ್ದಾರೆಂದು ತೋರುತ್ತದೆ!

ಇನ್ನೊಂದು ಮಾತು. ಎಂದೂ ಹಾಕಿಸದವನಿಗೆ ಹೊಲಸು ಗಾಯವಾದ ಮೇಲೆ ಹಾಕುವ ಮೊದಲ ಲಸಿಕೆ ಆ ಗಾಯಕ್ಕೆ ಸಾಲದು. ಲಸಿಕೆಯೆಂದರೆ ಬಿತ್ತಿದ ಬೀಜ, ಬೆಳೆ ಕೈಗೆ ಬರಲು ದಿನಗಳು ಬೇಕು. ಅಂಥವನಿಗೆ ಸಿದ್ಧ ಧಾನ್ಯದಂತೆ ತಕ್ಷಣ ಕಾಯುವ ಬೇರೊಂದು ಸೂಜಿಯುಂಟು, ಅದನ್ನು ಇಮ್ಯುನೋಗ್ಲಾಬ್ಯುಲಿನ್ ಎನ್ನುವರು. ಆದುದರಿಂದ ಡಾಕ್ಟರು ಕೇಳಿದಾಗ ‘ಹಾಕ್ಸೇನ್ರಿ’ ಎಂದು ಸುಮ್ಮನೆ ತಲೆಯಾಡಿಸಬಾರದು. ನೆನಪಿಲ್ಲದಿದ್ದರೆ ಇಲ್ಲವೆಂದೇ ಹೇಳಬೇಕು.

2019ರಿಂದ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬರೀ ಟಿ.ಟಿ.ಯ ಬದಲು ಟಿ.ಡಿ. ಎಂಬ ಲಸಿಕೆ ಬಂದಿದೆ. ಅದರಲ್ಲಿ ಧನುರ್ವಾಯುವಿನ ಸಂಗಡ ಗಂಟಲಮಾರಿಗೂ ಮದ್ದು ಕೂಡಿದೆ. ಗಂಟಲಮಾರಿಗೆ ಮರಾಠಿಯಲ್ಲಿ ‘ಘಟಸರ್ಪ’ ಎನ್ನುವರು. ನಮ್ಮೂರ ಆಯಿಯೊಬ್ಬಳು ಆ ಶಬ್ದ ಕೇಳಿ, ಇದು ಹಾವು ಕಡಿಯದಂತೆ ಹಾಕುವ ಸೂಜಿಯೆಂದು ತಿಳಿದು, ಮನೆಯ ಗಂಡಸರನ್ನೆಲ್ಲ ಹೊರಡಿಸಿಕೊಂಡು ಹೋಗಿ ಹಾಕಿಸಿಬಿಟ್ಟಳು. ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಮನೆಯವರೆಲ್ಲರಿಗೂ ಒಳ್ಳೆಯದೇ ಆಯಿತೆನ್ನಬೇಕು.

ನಾಯಿ ಕಡಿತದ ವಿಷಯವನ್ನೂ ಇಲ್ಲಿಯೇ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಹಾಕುವ ಕಾಲ ಹೋಯಿತು. ಈಗ ತೋಳಿನ ಚರ್ಮದಲ್ಲಿ ಹಾಕುವರು. ಕಡಿದ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ, ಹೀಗೆ ನಾಲ್ಕು ಸಲ ಹೋಗಬೇಕು. ಸೂಜಿಗಿಂತ ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಖಾರಪುಡಿ ತುಂಬಕೂಡದು.

ನೋವಿಲ್ಲದ ಕಾಲು

ಕಾಕಾ ಅವರ ಕಾಲಿಗೆ ಮರಳೋಣ. ಅಷ್ಟು ದೊಡ್ಡ ಮುಳ್ಳು ನೋಯಲಿಲ್ಲವೇಕೆ?

ಉಂಡ ಅನ್ನ ಸಕ್ಕರೆಯಾಗಿ ರಕ್ತದಲ್ಲಿ ಹರಿಯುವುದು. ಆ ಸಕ್ಕರೆ ಮೈಯ ಮಾಂಸಕ್ಕೆ ಸೇರಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಕಾಲುವೆಯಲ್ಲಿ ನೀರು ತುಂಬಿ ಹರಿದರೂ ತೂಬು ತೆರೆಯದಿದ್ದರೆ ಹೊಲ ಒಣಗುತ್ತದಲ್ಲವೇ? ಇನ್ಸುಲಿನ್ ಸಾಲದಾದಾಗ, ಇಲ್ಲವೆ ಇದ್ದದ್ದು ಕೆಲಸ ಮಾಡದಾದಾಗ ಮೈಯೊಳಗೆ ಆಗುವುದು ಅದೇ. ಕಾಲುವೆ ತುಂಬಿ ದಂಡೆ ಕೊರೆಯುತ್ತದೆ, ಹೊಲ ಬಾಡುತ್ತದೆ. ದಣಿವು, ಬಾಯಾರಿಕೆ, ರಾತ್ರಿ ಮೂತ್ರಕ್ಕೆ ಮೂರು-ನಾಲ್ಕು ಸಲ ಏಳುವುದು, ತಿಂದರೂ ಮೈ ಇಳಿಯುವುದು, ಇವು ಕೆಲವರಲ್ಲಿ ಕಾಣುವವು. ಹಲವರಲ್ಲಿ ವರ್ಷಗಟ್ಟಲೆ ಏನೂ ಕಾಣುವುದಿಲ್ಲ. ಕಾಕಾ ಅವರಲ್ಲಿ ಕಂಡಿದ್ದರೂ ಮುಪ್ಪೆಂದು ತಿಳಿದಿದ್ದರು.

ಹೀಗೆ ವರ್ಷಗಟ್ಟಲೆ ಹೆಚ್ಚಿದ ಸಕ್ಕರೆ ಮೊದಲು ಹಾಳುಮಾಡುವುದು ಉದ್ದವಾದ ನರಗಳ ತುದಿಯನ್ನು, ಅಂದರೆ ಪಾದವನ್ನು. ಮೊದಲು ಇರುವೆ ಹರಿದಂತೆ, ಉರಿದಂತೆ ಆಗುವುದು. ಆಮೇಲೆ ಜೋಮು. ಆಮೇಲೆ ಏನೂ ಇಲ್ಲ. ಉರಿ ನಿಂತಿತೆಂದು ರೋಗಿ ಸಂತೋಷಪಡುವನು, ನಿಂತದ್ದು ಉರಿಯಲ್ಲ, ಅರಿವು. ಇದರ ಮೇಲೆ ರಕ್ತನಾಳಗಳೂ ಕಟ್ಟಿಕೊಂಡರೆ ಗಾಯಕ್ಕೆ ರಕ್ತ ಹೋಗದು, ಮಾಯದು. ಬೀಡಿ-ತಂಬಾಕು ಇದ್ದವರಿಗೆ ಇದು ಇನ್ನೂ ಬೇಗ. ಬಹುದಿನ ಮಾಯದ ಅಂಥ ಗಾಯ ಧನುರ್ವಾಯುವಿಗೂ ಬಾಗಿಲು. ಡಾಕ್ಟರು ಎರಡೂ ಪ್ರಶ್ನೆಯನ್ನು ಒಟ್ಟಿಗೆ ಕೇಳಿದ್ದು ಅದಕ್ಕೇ.

ನೋವೆಂಬುದು ಕಾವಲುಗಾರ ಎಂಬುದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿದವರು ಡಾ. ಪಾಲ್ ಬ್ರಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, ಇಂಗ್ಲಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದರು. ಕುಷ್ಠದಲ್ಲಿ ಬೆರಳು ಕೊಳೆತು ಬೀಳುವುವೆಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡರು ಒಂದೊಂದು ಗಾಯದ ಕಾರಣವನ್ನೂ ಬೆನ್ನುಹತ್ತಿ ಹುಡುಕಿದರು. ಮಾಂಸ ತಾನಾಗಿ ಕೊಳೆಯುತ್ತಿರಲಿಲ್ಲ. ನೋವು ತಿಳಿಯದ್ದರಿಂದ ರೋಗಿ ಬಿಸಿ ಪಾತ್ರೆ ಹಿಡಿಯುತ್ತಿದ್ದ, ಗಾಯದ ಕಾಲ ಮೇಲೆಯೇ ನಡೆಯುತ್ತಿದ್ದ. ರಾತ್ರಿ ಮಲಗಿದವರ ಬೆರಳ ತುದಿ ಬೆಳಗಾಗುವುದರೊಳಗೆ ಇಲ್ಲವಾಗುತ್ತಿದ್ದ ಸಂಗತಿಯೂ ಇತ್ತು. ಕಾದು ನೋಡಿದರೆ ಇಲಿ ಬಂದು ಕಡಿಯುತ್ತಿತ್ತು. ಮಲಗಿದವನಿಗೆ ತಿಳಿಯುತ್ತಿರಲಿಲ್ಲ. ಅಲ್ಲಿಂದ ಮನೆಗೆ ಹೋಗುವ ರೋಗಿಗಳ ಸಂಗಡ ಒಂದೊಂದು ಬೆಕ್ಕನ್ನೂ ಕೊಟ್ಟು ಕಳಿಸತೊಡಗಿದರು! ಮುಂದೆ ಅವರು ಅಮೆರಿಕೆಗೆ ಹೋದಾಗ ಸಕ್ಕರೆ ಬೇನೆಯವರ ಕಾಲಿನಲ್ಲೂ ಅದೇ ಕಥೆಯನ್ನು ಕಂಡರು. ನೋವು ತಿಳಿಯದ ಕಾಲಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕುವ ಪದ್ಧತಿ ಬೆಳೆದದ್ದು ಇಂಥವರ ದುಡಿಮೆಯಿಂದ. ಮೈಕ್ರೋಸೆಲ್ಯುಲರ್ ರಬ್ಬರಿನ ಆ ಚಪ್ಪಲಿಯನ್ನು ಎಂ.ಸಿ.ಆರ್. ಚಪ್ಪಲಿ ಎಂದು ಕೇಳಿದರೆ ದೊಡ್ಡ ಪೇಟೆಗಳಲ್ಲಿ ದೊರೆಯುವುದು.

ನಿಮ್ಮ ಕಾಲಿನ ಕಾವಲುಗಾರ ಎಚ್ಚರಿದ್ದಾನೋ ಇಲ್ಲವೋ ನೋಡಲು ಯಂತ್ರ ಬೇಡ, ಮನೆಯಲ್ಲಿ ಒಬ್ಬ ಮೊಮ್ಮಗನಿದ್ದರೆ ಸಾಕು. ಇಂಗ್ಲಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಢಿಗೆ ತಂದ ಪರೀಕ್ಷೆ ಇದು. ನೀವು ಕಾಲು ಚಾಚಿ ಕಣ್ಣು ಮುಚ್ಚಿರಿ. ಹುಡುಗ ತನ್ನ ತೋರುಬೆರಳ ತುದಿಯಿಂದ ನಿಮ್ಮ ಬಲಗಾಲ ಹೆಬ್ಬೆರಳನ್ನು, ಆಮೇಲೆ ಕಿರುಬೆರಳನ್ನು, ಹಾಗೆಯೇ ಎಡಗಾಲ ಹೆಬ್ಬೆರಳು ಮತ್ತು ಕಿರುಬೆರಳನ್ನು, ಕೊನೆಗೆ ಎರಡೂ ಕಾಲಿನ ನಡುಬೆರಳನ್ನು ಮುಟ್ಟಲಿ. ಗರಿ ಸೋಕಿದಷ್ಟು ಹಗುರವಾಗಿ, ಒಂದೆರಡು ಸೆಕೆಂಡು ಮಾತ್ರ. ಒತ್ತಬಾರದು, ಕೆರೆಯಬಾರದು, ಕಚಗುಳಿಯಿಡಬಾರದು. ತಿಳಿದಾಗಲೆಲ್ಲ ನೀವು ‘ಬಲ’ ಅಥವಾ ‘ಎಡ’ ಎನ್ನಿರಿ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಕಾಲಿನ ಅರಿವು ಕಡಿಮೆಯಾಗಿದೆಯೆಂದು ತಿಳಿದು ಡಾಕ್ಟರರಿಗೆ ತೋರಿಸಬೇಕು. ತಪ್ಪಿದ ಬೆರಳನ್ನು ಮತ್ತೆ ಮುಟ್ಟಿ ‘ಈಗ ಗೊತ್ತಾತಾ?’ ಎಂದು ಕೇಳಕೂಡದು.

ಅರಿವು ಕಡಿಮೆಯಾದ ಕಾಲಿಗೆ ಕಣ್ಣೇ ಕಾವಲು. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದು ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ಅದರ ಮೇಲೆ ಕಾಲು ಹಿಡಿಯಲಿ. ತೊಳೆಯುವ ನೀರಿನ ಬಿಸಿಯನ್ನು ಕಾಲಿನಿಂದ ನೋಡಬೇಡಿರಿ, ಮೊಣಕೈಯಿಂದ ನೋಡಿರಿ. ಬೆರಳ ಸಂದಿನ ಪಸೆ ಒರೆಸಬೇಕು. ಅಂಗಾಲಿಗೆ ಎಣ್ಣೆ ಹಚ್ಚಬಹುದು, ಸಂದಿಗೆ ಬೇಡ. ಉಗುರನ್ನು ನೆಟ್ಟಗೆ ಕತ್ತರಿಸಬೇಕು, ಮೂಲೆ ಕೊರೆಯಬಾರದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದಂತೂ ಕೂಡದು. ಚಳಿಗಾಲದಲ್ಲಿ ಹೊಲದ ಬೆಂಕಿಯ ಮುಂದೆ ಕಾಲು ಚಾಚಿ ಕೂಡುವ ನಮ್ಮ ಚಟ ಬಿಡಬೇಕು. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಹರಳು, ಚೇಳು ನೋಡುವುದು ಇದ್ದೇ ಇದೆ. ಹೊಸ ಚಪ್ಪಲಿಯನ್ನು ಸಂಜೆಗೆ ಕೊಳ್ಳುವುದು ಲೇಸು, ಏಕೆಂದರೆ ದಿನವಿಡೀ ನಡೆದ ಕಾಲು ಸಂಜೆಗೆ ತುಸು ಬಾತಿರುತ್ತದೆ. ಬರಿಗಾಲ ನೇಮದವರಿಗೆ ಏನು ಹೇಳಬೇಕೋ ತಿಳಿಯದು. ದಾನಮ್ಮನಾಗಲಿ ಪಂಢರಪುರದ ವಿಠ್ಠಲನಾಗಲಿ ಚಪ್ಪಲಿಯನ್ನು ಗುಡಿಯ ಮೆಟ್ಟಿಲ ಬಳಿ ಬಿಟ್ಟರೆ ಸಿಟ್ಟಾಗರೆಂದು ನನ್ನ ನಂಬಿಕೆ.

ರೊಟ್ಟಿ, ಚಹಾ, ಏಕಾದಶಿ

ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಬೇನೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಪಟ್ಟಣದಷ್ಟಲ್ಲದಿದ್ದರೂ ಹಳ್ಳಿಯ ದೊಡ್ಡವರಲ್ಲೂ ನೂರಕ್ಕೆ ಸುಮಾರು ಒಂಬತ್ತು ಜನ. ಇದು ಸಾವಕಾರರ ಬೇನೆ, ದುಡಿಯುವವರಿಗೆ ಬಾರದು ಎಂಬ ಕಾಲ ಮುಗಿದಿದೆ. ನಮ್ಮ ದುಡಿಮೆಯೂ ಹಿಂದಿನಂತಿಲ್ಲ. ಹೊಲಕ್ಕೆ ಮೋಟರ್ ಸೈಕಲ್ಲು, ನೇಗಿಲಿಗೆ ಟ್ರ್ಯಾಕ್ಟರು, ನೀರಿಗೆ ಹನಿ ಕೊಳವೆ. ಇಳಿದದ್ದು ನಡಿಗೆ ಮಾತ್ರ, ಊಟವಲ್ಲ.

ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 100ರ ಕೆಳಗಿದ್ದರೆ ಸರಿ. 100ರಿಂದ 125 ಇದ್ದರೆ ದಂಡೆಯ ಮೇಲೆ ನಿಂತಂತೆ. 126 ಅಥವಾ ಹೆಚ್ಚಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಸಕ್ಕರೆ ಬೇನೆ. ಬರಿಹೊಟ್ಟೆಯೆಂದರೆ ಎಂಟು ತಾಸು ನೀರಿನ ಹೊರತು ಏನೂ ಇಲ್ಲ. ‘ಒಂದ ಕಪ್ ಚಹಾ ಅಷ್ಟ ಕುಡದೇನ್ರಿ’ ಎಂದರೆ ಆ ಲೆಕ್ಕ ಕೆಟ್ಟಿತು. ಇನ್ನೊಂದು ಪರೀಕ್ಷೆಗೆ ಎಚ್.ಬಿ.ಎ.ಒನ್.ಸಿ. ಎನ್ನುವರು. ಅದು ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುವುದು. ಪರೀಕ್ಷೆಯ ಹಿಂದಿನ ದಿನ ಪಥ್ಯ ಮಾಡಿ ಡಾಕ್ಟರರ ಕಣ್ಣಿಗೆ ಮಣ್ಣೆರಚುವ ನಮ್ಮ ಹಿರಿಯರ ಯುಕ್ತಿ ಅದರ ಮುಂದೆ ನಡೆಯದು. ಅದು 6.5 ಅಥವಾ ಹೆಚ್ಚಿದ್ದರೆ ಬೇನೆ ಉಂಟು. ಬೇನೆಯಿದ್ದವರಲ್ಲಿ ಬಹುಪಾಲು ಜನರು ಅದನ್ನು 7ರ ಕೆಳಗೆ ಹಿಡಿಯಬೇಕೆಂದು ವೈದ್ಯರು ಹೇಳುವರು. ಮೂವತ್ತು ದಾಟಿದವರೆಲ್ಲರ ಸಕ್ಕರೆ ಮತ್ತು ರಕ್ತದೊತ್ತಡ ನೋಡುವ ಸರಕಾರಿ ಕಾರ್ಯಕ್ರಮವಿದೆ. ಆಶಾ ಬಾಯಿಯನ್ನೋ ಉಪಕೇಂದ್ರವನ್ನೋ ಕೇಳಿರಿ.

ನಮ್ಮ ಭಾಗದ ಮಾಲದಂಡಿ ಜೋಳದ ರೊಟ್ಟಿ ಪಾಲಿಶ್ ಅಕ್ಕಿಯ ಅನ್ನಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ. ನಾರು ಹೆಚ್ಚು, ಸಕ್ಕರೆ ನಿಧಾನ ಏರುವುದು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ ಮೇಲಂತೂ ಪಟ್ಟಣದವರೂ ಜೋಳ ಕೇಳತೊಡಗಿದ್ದಾರೆ. ಆದರೆ ಜೋಳದಲ್ಲಿಯೂ ಪಿಷ್ಟವಿದೆ. ‘ಜ್ವಾಳದ ರೊಟ್ಟಿಗೆ ಲೆಕ್ಕ ಇಲ್ಲ’ ಎಂದು ನಾಲ್ಕು ರೊಟ್ಟಿ ಹೊಡೆದರೆ ಸಕ್ಕರೆ ಏರದೆ ಇರದು. ರೊಟ್ಟಿ ಎರಡಾಗಲಿ. ಇಳಿಸಿದ ಜಾಗವನ್ನು ಮಡಕಿಕಾಳು, ಹೆಸರುಕಾಳು, ಪುಂಡಿಪಲ್ಯ, ಮೆಂತ್ಯಪಲ್ಯ, ಮಜ್ಜಿಗೆ ತುಂಬಲಿ. ತಟ್ಟೆಯ ಅರ್ಧ ಪಲ್ಯ, ಕಾಲುಭಾಗ ಕಾಳು, ಕಾಲುಭಾಗ ರೊಟ್ಟಿ, ಇದು ಲೆಕ್ಕ. ಬೆಲ್ಲ ನಡೆಯುವುದೆಂಬ ನಂಬಿಕೆಯನ್ನು ಕಬ್ಬು ಬೆಳೆಯುವವರಾದ ನಾವೇ ಬಿಡಬೇಕು. ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಮಕ್ಕಳು, ರಕ್ತಕ್ಕೆ ಬಣ್ಣ ತಿಳಿಯದು.

ಇನ್ನು ಚಹಾ. ಹೊಲದಲ್ಲಿ ಎರಡು ಸಲ, ಮನೆಯಲ್ಲಿ ಎರಡು ಸಲ, ಕಟ್ಟೆಯ ಮೇಲೆ ಒಂದು, ಬೀಗರು ಬಂದರೆ ಇನ್ನೊಂದು. ಆರು ಕಪ್ಪಿಗೆ ಎರಡೆರಡು ಚಮಚದಂತೆ ಹನ್ನೆರಡು ಚಮಚ, ಅಂದರೆ ಸುಮಾರು 60 ಗ್ರಾಂ. ತಿಂಗಳಿಗೆ 1800 ಗ್ರಾಂ ಸಕ್ಕರೆಯನ್ನು ಒಬ್ಬನೇ ಕುಡಿದಂತಾಯಿತು! ಹೋಳಿಗೆಯನ್ನು ವರ್ಷಕ್ಕೆ ನಾಲ್ಕು ಸಲ ತಿಂದದ್ದಕ್ಕೆ ಪಶ್ಚಾತ್ತಾಪ ಪಡುವವರು ಈ ಲೆಕ್ಕವನ್ನು ನೋಡುವುದಿಲ್ಲ.

ಗುಳಿಗೆ ತೆಗೆದುಕೊಳ್ಳುವವರು ಏಕಾದಶಿಯ ದಿನ ಬಹಳ ಎಚ್ಚರದಿಂದಿರಬೇಕು. ಕೆಲವು ಗುಳಿಗೆಗಳೂ ಇನ್ಸುಲಿನ್ನೂ ಹೊಟ್ಟೆಗೆ ಕೂಳಿರಲಿ ಇಲ್ಲದಿರಲಿ ಸಕ್ಕರೆ ಇಳಿಸುತ್ತವೆ. ಉಪವಾಸವಿದ್ದು, ಮೇಲೆ ರಾಶಿಯ ಕೆಲಸ ಮಾಡಿದರೆ ಬೆವರು, ನಡುಕ, ಹಸಿವು, ಕಣ್ಣುಕತ್ತಲೆ, ಅಸಂಬದ್ಧ ಮಾತು ಶುರುವಾಗುವುವು. ಕುಡಿದಿದ್ದಾನೆಂದು ಜನ ನಗುವರು, ಅದು ಪ್ರಾಣಕ್ಕೆ ಬರುವ ಸಂಗತಿ. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಸುರಿಯಬಾರದು, ವಾಹನ ಹಿಡಿದು ದವಾಖಾನೆಗೆ ಒಯ್ಯಬೇಕು. ಇದಕ್ಕೆ ಎದುರಾಗಿ, ಉಪವಾಸದ ಹೆಸರಿನಲ್ಲಿ ತಾಟು ತುಂಬ ಸಾಬುದಾಣಿ ಖಿಚಡಿ ತಿಂದರೆ ಸಕ್ಕರೆ ಜಿಗಿಯುವುದು. ವಾರಿಗೆ ಹೋಗುವವರು ಹೊರಡುವ ವಾರ ಮೊದಲು ಡಾಕ್ಟರರನ್ನು ಕಂಡು ಗುಳಿಗೆಯ ಹೊತ್ತನ್ನು ಕೇಳಿಕೊಂಡು, ಬಟ್ಟೆಯ ಚೀಲದಲ್ಲಿ ಒಂದು ಹಿಡಿ ಸಕ್ಕರೆ ಕಟ್ಟಿಕೊಂಡು ನಡೆಯಲಿ.

ಸಂತೆಯಲ್ಲಿ ‘ಸಕ್ಕರೆ ಬೇರುಸಹಿತ ಕೀಳುವ’ ಪುಡಿ ಮಾರುವವರು ಬರುತ್ತಾರೆ. ಹಾಗಲಕಾಯಿ, ಮೆಂತ್ಯ ಊಟದಲ್ಲಿರಲಿ, ಯಾರು ಬೇಡವೆಂದರು? ಆದರೆ ಪುಡಿಯನ್ನು ನಂಬಿ ಗುಳಿಗೆ ನಿಲ್ಲಿಸಿದವರ ಗತಿ ಕಾಕಾ ಅವರದಕ್ಕಿಂತ ಕೆಟ್ಟದಾದುದನ್ನು ನಾನು ಕಂಡಿದ್ದೇನೆ.

ಕೊನೆಗೆ ನಮ್ಮ ಗಡಿಭಾಗದ ಒಂದು ತೊಡಕು. ದವಾಖಾನೆಯ ಚೀಟಿ, ಗೋಡೆಯ ಫಲಕ, ನರ್ಸ ಬಾಯಿಯ ಮಾತು ಎಲ್ಲ ಮರಾಠಿ. ಹೊರಗೆ ತಿರುಗಾಡುವ ಗಂಡಸರಿಗೆ ಅಡ್ಡಿಯಿಲ್ಲ, ಮನೆಯ ಮುದುಕಿಯರಿಗೆ ಅಡ್ಡಿಯುಂಟು. ಈ ಶಬ್ದಗಳನ್ನು ಮನೆಯಲ್ಲಿ ಓದಿ ಹೇಳಿರಿ: ‘ಉಪಾಶೀ ಪೋಟೀ’ ಎಂದರೆ ಬರಿಹೊಟ್ಟೆಯಲ್ಲಿ, ‘ಜೇವಣಾಪೂರ್ವೀ’ ಎಂದರೆ ಊಟಕ್ಕೆ ಮೊದಲು, ‘ಜೇವಣಾನಂತರ’ ಎಂದರೆ ಊಟದ ಮೇಲೆ, ‘ಲಸ’ ಎಂದರೆ ಲಸಿಕೆ, ‘ಧನುರ್ವಾತ’ ನಮ್ಮ ಧನುರ್ವಾಯು, ‘ಜಖಮ್’ ಎಂದರೆ ಗಾಯ. ಗುಳಿಗೆಯ ಪಾಕೀಟಿನ ಮೇಲೆ ಮಗಳಿಂದಲೋ ಮೊಮ್ಮಗಳಿಂದಲೋ ಕನ್ನಡದಲ್ಲಿ ‘ಮುಂಜಾನೆ’, ‘ರಾತ್ರಿ’ ಎಂದು ಬರೆಯಿಸಿಕೊಂಡರೆ ಇನ್ನೂ ಒಳ್ಳೆಯದು. ಲಸಿಕೆ ಹಾಕಿಸಿದ ದಿನಾಂಕವನ್ನು ಹೊಲದ ಉತಾರಿಯ ಸಂಗಡ ಇಟ್ಟ ವಹಿಯ ಮೊದಲ ಪುಟದಲ್ಲಿ ಬರೆದಿಡಿರಿ. ಆ ವಹಿಯನ್ನು ಯಾರೂ ಕಳೆಯುವುದಿಲ್ಲ. ಸಕ್ಕರೆ ಬೇನೆಯವರು ಹೋದಾಗ ಫ್ಲೂ ಜ್ವರದ ಮತ್ತು ನ್ಯುಮೋನಿಯದ ಲಸಿಕೆಗಳ ವಿಷಯವನ್ನೂ ಕೇಳಿರಿ. ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರಪಿಂಡದ ಪರೀಕ್ಷೆಯೂ ಆಗಬೇಕು.

ಕಾಕಾ ಈಗಲೂ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಹೋಗುವರು. ಎಂ.ಸಿ.ಆರ್. ಚಪ್ಪಲಿ ಮೆಟ್ಟಿಕೊಂಡು ಬಸ್ಸಿನಲ್ಲಿ ಹೋಗಿ, ಗುಡಿಯ ಮುಂದೆ ಮಾತ್ರ ಕಳಚುವರು. ಸಂತೆಯ ದಿನ ಸಂಜೆ ಮೊಮ್ಮಗ ಬಂದು ಉಳಿದ ಬೆರಳುಗಳನ್ನು ಮುಟ್ಟುವನು. ಬಲಗಾಲಿನಲ್ಲಿ ಅವರು ಸುಮ್ಮನಿರುವುದೇ ಹೆಚ್ಚು. ಎಡಗಾಲ ಕಿರುಬೆರಳಿಗೆ ಮಾತ್ರ ತಪ್ಪದೆ ‘ಎಡ’ ಎನ್ನುತ್ತಾರೆ. ಸೊಸೆ ಬ್ಯಾಟರಿ ಹಿಡಿದು ಅಂಗಾಲು ನೋಡುತ್ತಾಳೆ. ಅವರ ವಹಿಯಲ್ಲಿ ಎತ್ತಿನ ಬಿಲ್ಲೆಯ ಹನ್ನೆರಡು ಅಂಕಿಗಳ ಕೆಳಗೆ ಅವರ ಮೂರು ಸೂಜಿಗಳ ತಾರೀಖುಗಳೂ ಈಗ ಇವೆ.